ಮಾಮಾನ ಬ್ಯಾಟಿನ ತಂತಿ

ಈ ಮಾತನ್ನು ಹೇಳಲೆಂದು ಕೇಳಬೇಕಾದವರ ಮನೆಗೆ ಎಷ್ಟೋ ಸಲ ಹೋಗಿ, ಬೇರೆ ಏನೋ ಮಾತಾಡಿ, ಚಹಾ ಕುಡಿದು ಎದ್ದು ಬಂದಿದ್ದೇನೆ. ಮಗಳ ಮದುವೆ ಮುಗಿಯಲಿ ಎಂದೆ. ಅಂಗಡಿ ಬಿಟ್ಟುಕೊಟ್ಟ ಮೇಲೆ ನೋಡೋಣ ಎಂದೆ. ಕಣ್ಣಿನ ಪೊರೆ ತೆಗೆಸಿಕೊಂಡು ಕೂತು ಬರೆಯೋಣ ಎಂದೆ. ಅವೆಲ್ಲ ಮುಗಿದಿವೆ. ಮೊನ್ನೆ ಬಲ ಮೊಣಕೈ ನೋವೆಂದು ಹೋದಾಗ ಡಾಕ್ಟರು ಕೈ ಹಿಡಿದು ತಿರುವಿ, "ಏನ್ರಿ ಅಜ್ಜಾರ, ವಯಸ್ಸಿನ್ಯಾಗ ಬ್ಯಾಟ್ ಗೀಟ್ ಹಿಡೀತಿದ್ರೇನು?" ಎಂದು ಕೇಳಿದರು. ಹೌದು ಎಂದೆ. ಮುಂದಿನದನ್ನು ಅವರಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಾವು ಆಡುತ್ತಿದ್ದದ್ದು ಬಾಲ್ ಬ್ಯಾಡ್ಮಿಂಟನ್. ಒಂದೊಂದು ಕಡೆ ಐದು ಮಂದಿ, ನಡುವೆ ಬಲೆ, ಮರದ ಬ್ಯಾಟು, ಹಳದಿ ಉಣ್ಣೆಯ ಚೆಂಡು. ಚೆಂಡು ನೆಲಕ್ಕೆ ಬೀಳಬಾರದು, ಅಷ್ಟೇ ಆಟ. ಎಪ್ಪತ್ತರ ದಶಕದಲ್ಲಿ ಹಾನಗಲ್ಲಿನಲ್ಲಿ, ಶಿಗ್ಗಾಂವಿಯಲ್ಲಿ, ಸವಣೂರಿನಲ್ಲಿ, ಹಿರೇಕೆರೂರಿನಲ್ಲಿ, ಎಲ್ಲಿ ನೋಡಿದರೂ ಹೈಸ್ಕೂಲಿನ ಹಿಂದೆ ಗರಸು ಹಾಕಿ ಗಟ್ಟಿ ಮಾಡಿದ ಒಂದು ಅಂಗಳ, ಸುಣ್ಣದ ಗೆರೆ, ಎರಡು ಕಂಬ ಇದ್ದೇ ಇರುತ್ತಿದ್ದವು. ಸಂಜೆ ಬಿಸಿಲು ಇಳಿಯುತ್ತಲೇ ಮಾಸ್ತರರು, ಟಪಾಲಿನವರು, ದಲಾಲಿ ಅಂಗಡಿಯವರು ಧೋತರ ಬಿಚ್ಚಿಟ್ಟು ಚಡ್ಡಿಯಲ್ಲಿ ಇಳಿಯುತ್ತಿದ್ದರು. ಸೋತ ಕಡೆಯವರು ಗಿರ್ಮಿಟ್ಟು, ಮಿರ್ಚಿ ಕೊಡಿಸಬೇಕು. ಗೆದ್ದವರು ಅದನ್ನು ತಿನ್ನುತ್ತ ಸೋತವರ ಆಟವನ್ನು ಮತ್ತೊಮ್ಮೆ ಆಡಿ ತೋರಿಸುತ್ತಿದ್ದರು.

ನಾನು ಹತ್ತಿಮತ್ತೂರಿನವನು. ಅವ್ವ ಬೇಗ ತೀರಿಕೊಂಡಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಅವಳನ್ನು ಹಾನಗಲ್ಲಿಗೆ ಕೊಟ್ಟರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೇ ಅವಳ ಮನೆಗೆ ಬಂದುಬಿಟ್ಟೆ. ಬಜಾರಿನಲ್ಲಿ ಪಾಟಿ ಪುಸ್ತಕದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಆಟದ ಸಾಮಾನೂ ಮಾರುತ್ತಿದ್ದರು. ಬ್ಯಾಟಿಗೆ ತಂತಿ ಹೆಣೆಯುವುದನ್ನು ನಾನು ಕಲಿತದ್ದು ಅಲ್ಲಿಯೇ. ಮುಂದೆ ಆ ಅಂಗಡಿಯನ್ನು ನಾನೇ ನಡೆಸಿದೆ.

ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಅವರ ಮನೆಯದು ಒಂದು ಸಣ್ಣ ಅಕ್ಕಿ ಗಿರಣಿ. ಸಂಜೆ ಗಿರಣಿಯಿಂದ ನೇರವಾಗಿ ಅಂಗಳಕ್ಕೆ ಬರುತ್ತಿದ್ದರು. ಹುಬ್ಬು, ಮೀಸೆ, ಕಿವಿಯ ಕೂದಲಿನ ಮೇಲೆ ತೌಡಿನ ಪುಡಿ ಬೆಳ್ಳಗೆ ಹಾಗೇ ಇರುತ್ತಿತ್ತು.

"ಬಂದ್ರಪಾ ಮುದುಕಪ್ಪಾರು," ಎಂದು ಟಪಾಲಿನವರು ಕೂಗುತ್ತಿದ್ದರು. "ಮೊದಲ ಮೈ ಝಾಡಸ್ರಿ. ನೀವು ಬ್ಯಾಟ್ ಬೀಸಿದ್ರ ನಮ್ಮ ಕಣ್ಣಾಗ ತೌಡ ಬೀಳತೈತಿ."

"ಕಣ್ಣಾಗ ತೌಡ ಬಿದ್ರರ ಚಲೋ. ಇಲ್ಲಂದ್ರೂ ನಿಮಗ ಚೆಂಡು ಎಲ್ಲೆ ಕಾಣತೈತಿ?" ಎನ್ನುತ್ತ ಮಾಮಾ ಹಿಂದಿನ ಗೆರೆಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಐವರಲ್ಲಿ ಕೊನೆಯವನ ಜಾಗ ಅದು. ಮುಂದಿನ ನಾಲ್ವರನ್ನು ದಾಟಿ ಬಂದದ್ದನ್ನೆಲ್ಲ ಎತ್ತಬೇಕಾದವನು ಅವನೇ.

ಮಾಮಾನ ಕೈಯಲ್ಲಿ ಕಟ್ ಎಂಬ ಒಂದು ಹೊಡೆತ ಇತ್ತು. ನಾಲ್ಕೂ ಊರಿನವರು ಅದನ್ನು ಬಲ್ಲರು. ಕಣದಲ್ಲಿ ಭತ್ತ ತೂರುವವನ ಹಾಗೆ ತೋಳು ಹಿಂದಕ್ಕೆ ಹೋಗುತ್ತಿತ್ತು, ಕಿವಿಯನ್ನು ದಾಟಿ ಬೆನ್ನಿನ ತನಕ. ಅಲ್ಲಿಂದ ಅವಸರವಿಲ್ಲದೆ ದೊಡ್ಡದಾಗಿ ಸುತ್ತಿ ಬಂದು ಚೆಂಡನ್ನು ಓರೆಯಾಗಿ ಸವರಿಕೊಂಡು ಎಡ ಮೊಣಕಾಲಿನ ಕಡೆಗೆ ಇಳಿಯುತ್ತಿತ್ತು. ಚೆಂಡು ಬಲೆಯ ಮೇಲೆ ಗಿರಗಿರ ತಿರುಗುತ್ತ ಹೋಗಿ, ಎದುರಿನವನು ಬ್ಯಾಟು ಒಡ್ಡುವಷ್ಟರಲ್ಲಿ ಪಕ್ಕಕ್ಕೆ ಜಾರಿಬಿಡುತ್ತಿತ್ತು. ಅವನು ಬ್ಯಾಟಿನ ಕಡೆ ಒಮ್ಮೆ, ನೆಲದ ಕಡೆ ಒಮ್ಮೆ ನೋಡುತ್ತಿದ್ದ.

ನನಗೆ ಕಲಿಸುವಾಗ ಹೇಳುತ್ತಿದ್ದರು: "ಚೆಂಡನ್ನ ಹೊಡೀಬಾರದಪಾ ತಮ್ಮಾ. ಮಗಳನ್ನ ಗಂಡನ ಮನಿಗೆ ಬಿಟ್ಟ ಬಂದಂಗ, ಜೋಡಿ ಹೋಗಿ ಬಿಟ್ಟ ಬರಬೇಕು."

ಹಾಗೆ ಜೋಡಿಯಾಗಿ ಹೋಗಲು ಬಿಡುತ್ತಿದ್ದದ್ದು ಆ ಬ್ಯಾಟು. ಭಾರವಾದ ಹಳೆಯ ಮರದ್ದು. ಮಳೆಗಾಲದಲ್ಲಿ ಬಾಗದಿರಲೆಂದು ನಾಲ್ಕು ತಿರುಪಿನ ಕಟ್ಟಿಗೆಯ ಚೌಕಟ್ಟಿನಲ್ಲಿ ಬಿಗಿದಿಡುತ್ತಿದ್ದರು. ಅದರ ತಂತಿ ಕುರಿಯ ಕರುಳಿನದು. ಹಾನಗಲ್ಲಿನ ಥಂಡಿ, ತೇವದ ಹವೆಗೆ ಆ ತಂತಿ ಸ್ವಲ್ಪ ಸಡಿಲಾಗುತ್ತದೆ. ಅದಕ್ಕೆ ತರಿ ಇರುತ್ತದೆ, ಉಣ್ಣೆಯ ಚೆಂಡನ್ನು ಹಿಡಿಯುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಚೆಂಡು ತಂತಿಯ ಮೇಲೆ ಕೂತಿರುತ್ತದೆ. ಮಾಮಾನ ತೋಳು ಅದನ್ನು ತಿರುಗಿಸುತ್ತಿದ್ದದ್ದು ಆ ಹೊತ್ತಿನಲ್ಲಿ.

ಈ ಕರುಳಿನ ತಂತಿಯ ಬಗ್ಗೆ ಆಟಗಾರರಲ್ಲಿ ಒಂದು ರಿವಾಜಿತ್ತು. ನಮ್ಮದೆಲ್ಲ ಕೊರಳಲ್ಲಿ ಲಿಂಗವಿದ್ದ ಮನೆಗಳು. ತತ್ತಿಯನ್ನೂ ಒಳಗೆ ತರದವರು. ಆದ್ದರಿಂದ ತಂತಿ ಯಾವುದರದು ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ "ರೇಶಿಮೀದು" ಎನ್ನಬೇಕು. ಅಂಗಡಿಯಲ್ಲಿ ನಾವೂ ಹಾಗೇ ಹೇಳುತ್ತಿದ್ದೆವು. ಅಂಗಳದಲ್ಲಿ ಎಲ್ಲರಿಗೂ ಗೊತ್ತು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಒಬ್ಬರ ಮನೆಯ ಗುಟ್ಟನ್ನು ಇನ್ನೊಬ್ಬರು ಒಡೆಯುತ್ತಿರಲಿಲ್ಲ. ಮಾಮಾನ ಬ್ಯಾಟು ಪಡಸಾಲೆಯಲ್ಲಿ, ದೇವರ ಜಗಲಿಯ ಬಾಗಿಲಿಗೆ ಹತ್ತಿರದ ಮೊಳೆಗೆ ತೂಗುತ್ತಿತ್ತು. ಅಕ್ಕ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಜಗಲಿ ಒರೆಸುವಾಗ ಅದನ್ನೂ ಒರೆಸುತ್ತಿದ್ದಳು. "ನಿಮ್ಮ ಮಾಮಾಗ ಇದು ಇನ್ನೊಂದು ದೇವರು" ಎಂದು ನಗುತ್ತಿದ್ದಳು.

ಆ ಹೊತ್ತಿಗೆ ನೈಲಾನ್ ತಂತಿ ಬಂತು. ಅಗ್ಗ, ನೀರಿಗೆ ಕೊಳೆಯದು, ಎಷ್ಟು ಬಿಗಿದರೂ ತಾಳುತ್ತದೆ. ನಾನು ಹೊಸ ಹಗುರ ಬ್ಯಾಟಿಗೆ ಅದನ್ನೇ ಹಾಕಿಕೊಂಡೆ. ಚೆಂಡು ತಂತಿಗೆ ತಾಗಿದ್ದೇ ಠಣ್ಣೆಂದು ಹೊರಡುತ್ತಿತ್ತು. ತೋಳು ಬೇಕಿಲ್ಲ, ಮಣಿಕಟ್ಟು ಸಾಕು. ನಾನು ಜೋರಾಗಿ ಹೊಡೆಯುವವನಾದೆ. ಹೊಡೆಯುವವನು ನಿಲ್ಲಬೇಕಾದದ್ದು ಹಿಂದೆ. ಆದರೆ ಹಿಂದೆ ಮಾಮಾ ನಿಂತಿದ್ದರು.

"ನಿಮ್ಮ ಮಾಮಾ ಇರೂತನಕ ನೀ ಮುಂದ ನಿಂತು ಬಲೆ ಕಾಯೂದ ಖರೆ," ಎಂದು ಟಪಾಲಿನವರು ಒಂದು ಸಂಜೆ ನನ್ನ ಬೆನ್ನು ತಟ್ಟಿದರು. ತಮಾಷೆಗೆ ಚಾಷ್ಟಿ ಮಾಡಿದ್ದರು ಅಷ್ಟೇ. ನನಗೆ ಅದು ಒಳಗೆ ಹೋಗಿ ಕೂತಿತು.

ಹಿರೇಕೆರೂರಿನ ಪಂದ್ಯ ಹತ್ತಿರ ಬಂದಿತ್ತು. ಒಂದು ಮುಂಜಾನೆ ಮಾಮಾ ಗಿರಣಿಗೆ ಹೋದ ಮೇಲೆ ಅಕ್ಕ ಬ್ಯಾಟು ಒರೆಸುತ್ತಿದ್ದಳು. ನಾನು ಚಹಾ ಕುಡಿಯುತ್ತ ಅಂದೆ: "ಅಕ್ಕಾ, ಅದು ಏನು ಗೊತ್ತೈತೇನು ನಿನಗ?"

"ರೇಶಿಮಿ."

"ಕುರಿ ಕರಳು."

ಅವಳು ಮೊದಲು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಕೈಯಲ್ಲಿದ್ದ ಅರಿವೆ ಕೆಳಗೆ ಬಿತ್ತು.

"ಖರೆ ಹೇಳ್ತಿಯೇನೋ?"

"ನಿನ್ನ ಆಣಿ. ಅಂಗಡ್ಯಾಗ ನಾನ ಮಾರತೇನಿ."

"ಶಿವನ... ಜಗಲಿ ಮಗ್ಗಲಕ್ಕ! ನಾ ದಿನಾ ಇದ ಕೈಲೆ ಪೂಜಿ..." ಎಂದವಳೇ ಬಚ್ಚಲಿಗೆ ಹೋಗಿ ಮೊಣಕೈತನಕ ತೊಳೆದುಕೊಂಡಳು. ಬಾಗಿಲಲ್ಲೇ ನಿಂತು ಹೇಳಿದಳು: "ಒಯ್ಯಿ ಅದನ್ನ. ಏನರ ಮಾಡು."

"ನೈಲಾನ್ ಹಾಕ್ಕೊಂಡ ಬರತೇನಿ. ಅದು ಶುದ್ಧ. ಆಟಕ್ಕೂ ಚಲೋ."

ಆಟಕ್ಕೂ ಚಲೋ ಎಂದದ್ದು ಸುಳ್ಳು. ಮಾಮಾನ ಬೀಸಿಗೆ ಆ ತಂತಿ ಹೊಂದುವುದಿಲ್ಲ ಎಂದು ನನ್ನಷ್ಟು ಚೆನ್ನಾಗಿ ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಕರುಳನ್ನು ಕತ್ತರಿಸಿ ತೆಗೆದೆ. ನೈಲಾನನ್ನು ಎಷ್ಟು ಬಿಗಿಯಲು ಬರುತ್ತದೆಯೋ ಅಷ್ಟು ಬಿಗಿದೆ. ಬೆರಳಿನಿಂದ ಮೀಟಿದರೆ ಸದ್ದು ಬರುವಷ್ಟು.

ಮಧ್ಯಾಹ್ನ ಮಾಮಾ ಊಟಕ್ಕೆ ಬಂದವರು ಕೈ ತೊಳೆಯುವ ಮೊದಲೇ ಬ್ಯಾಟು ನೋಡಿದರು. ತಂತಿಯ ಮೇಲೆ ಉಗುರು ಎಳೆದರು.

"ಯಾರು ಮಾಡಿದ್ರು ಇದನ್ನ?"

ನಾನು ತಾಟಿನ ಮುಂದೆ ಕೂತಿದ್ದೆ. ರೊಟ್ಟಿ ಮುರಿಯುತ್ತ ಕೂತೇ ಇದ್ದೆ.

"ನಾನ ಹೇಳಿ ಮಾಡಿಸೇನ್ರಿ," ಎಂದಳು ಅಕ್ಕ ಒಲೆಯ ಮುಂದಿನಿಂದ, ತಿರುಗಿ ನೋಡದೆ. "ಇಷ್ಟ ವರ್ಷ ರೇಶಿಮಿ ಅಂದ್ರೆಲ್ಲ."

ಮಾಮಾನ ಮುಖ ಕೆಂಪಾಯಿತು. "ಯಾರ ಹೇಳಿದ್ರು ನಿನಗ?"

"ಯಾರರ ಹೇಳಲಿ. ಗೊತ್ತಾತು."

ಅವರು ಮತ್ತೇನೂ ಕೇಳಲಿಲ್ಲ. ವರ್ಷಗಟ್ಟಲೆ ಹೆಂಡತಿಯ ಪೂಜೆಯ ಕೈಗೆ ಅದನ್ನು ಮುಟ್ಟಿಸಿದೆನಲ್ಲ ಎಂಬ ನಾಚಿಕೆ ಅವರಿಗೆ. ಮೆಲ್ಲಗೆ, "ತಪ್ಪಾತು ಬಿಡು. ಇದ ಇರಲಿ ಇನ್ನ," ಎಂದು ಬ್ಯಾಟನ್ನು ಮೊಳೆಗೆ ತೂಗುಹಾಕಿದರು. ಅಕ್ಕ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಮಾಮಾ ಸಿಟ್ಟಾದರೆ ನಾನು ಮನೆ ಬಿಡಬೇಕಾದೀತು ಎಂದು ಅವಳಿಗೆ ಹೆದರಿಕೆ ಇತ್ತೆಂದು ಕಾಣುತ್ತದೆ. ಆ ರೊಟ್ಟಿಯನ್ನೂ ತಿಂದೆ.

ಆ ಸಂಜೆ ಮಾಮಾನ ಚೆಂಡುಗಳು ಅಂಗಳದಾಚೆಯ ಬೇಲಿಗೆ ಹೋಗಿ ಬಿದ್ದವು. ತೋಳು ಹಿಂದಿನಂತೆ ಸುತ್ತಿ ಬರುತ್ತಿತ್ತು. ಸವರುವುದರೊಳಗೆ ಚೆಂಡು ಹೊರಟುಹೋಗಿರುತ್ತಿತ್ತು.

"ಏನ್ರಿ, ಮಗಳನ್ನ ಗಂಡನ ಮನಿ ಬಿಟ್ಟು ಮುಂದಿನ ಊರಿಗೆ ಒಯ್ಯಾಕತ್ತೀರಲ್ಲ!" ಎಂದರು ಟಪಾಲಿನವರು.

"ಹೊಸಾ ಬಸ್ ಐತ್ರಿ. ಬ್ರೇಕ್ ಹಿಡೀವಲ್ದು," ಎಂದರು ಮಾಮಾ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಿರೇಕೆರೂರಿನಲ್ಲಿ ಮೊದಲ ಆಟದಲ್ಲೇ ಅವರ ಚೆಂಡುಗಳು ಒಂದರ ಹಿಂದೆ ಒಂದು ಗೆರೆ ದಾಟಿದವು. ನಡುವೆ ನೀರು ಕುಡಿಯುವಾಗ ನಾನು ಹೇಳಿದೆ: "ಮಾಮಾ, ನೀವು ಮುಂದ ಬರ್ರಿ. ಹಿಂದ ನಾ ನಿಂದರತೇನಿ."

"ಹೂನಪಾ, ಹಂಗ ಮಾಡು," ಎಂದು ತಕ್ಷಣ ಒಪ್ಪಿದರು. ಆ ಜಾಗಕ್ಕೆ ನನ್ನನ್ನು ಕರೆದೊಯ್ದು, "ಇಲ್ಲೆ ಸ್ವಲ್ಪ ತಗ್ಗ ಐತಿ, ಕಾಲ ನೋಡಿ ಇಡು," ಎಂದು ತೋರಿಸಿಕೊಟ್ಟರು. ಆ ವರ್ಷ ನಾವೇ ಗೆದ್ದೆವು. ಬರುವಾಗ ಬಸ್ಸಿನಲ್ಲಿ ಬಹುಮಾನದ ಢಾಲನ್ನು ನನ್ನ ತೊಡೆಯ ಮೇಲೆ ಇಟ್ಟು ಮಾಮಾ ಎಲ್ಲರಿಗೂ ಸವಣೂರು ಎಲೆ, ಅಡಿಕೆ ಹಂಚಿದರು. ಮನೆಯಲ್ಲಿ ಅಕ್ಕ ನನ್ನ ಬಾಯಿಗೆ ಸಕ್ಕರೆ ಹಾಕಿ, "ನಿಮ್ಮ ಮಾಮಾ?" ಎಂದು ಕೇಳಿದಳು.

"ಮುಂದ ಆಡಿದ್ರು," ಎಂದೆ.

ಅವಳಿಗೆ ಆಟ ತಿಳಿಯದು. ಮುಂದೆ ಎಂದರೆ ದೊಡ್ಡ ಜಾಗ ಇರಬೇಕು ಎಂದು ಸಂತೋಷಪಟ್ಟಳು.

ಒಂದು ಬ್ಯಾಟು ಮನುಷ್ಯನ ತೋಳನ್ನು ಹೇಗೆ ತಿದ್ದುತ್ತದೆ ಎಂಬುದನ್ನು ಆಮೇಲೆ ವರ್ಷಗಟ್ಟಲೆ ನೋಡಿದೆ. ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ಮಾಮಾ ಚೆಂಡು ಹೊರಗೆ ಹೋಗದಿರಲೆಂದು ಬೀಸನ್ನು ಅರ್ಧಕ್ಕೆ ತಡೆಯತೊಡಗಿದರು. ಬೆನ್ನಿನ ತನಕ ಹೋಗುತ್ತಿದ್ದ ಕೈ ಕಿವಿಯ ಹತ್ತಿರ ನಿಂತಿತು. ಮುಂದಿನ ಮಳೆಗಾಲದ ಹೊತ್ತಿಗೆ ಹೆಗಲಿಗೆ ಇಳಿಯಿತು. ಆಮೇಲೆ ಮೊಣಕೈ ಪಕ್ಕೆಗೆ ಅಂಟಿಕೊಂಡಿತು. ಬಲೆಯ ಹತ್ತಿರ ನಿಂತು ಚೆಂಡನ್ನು ಕುಟುಕಿ ಹಾಕುವವರಾದರು. ನಿಲ್ಲುವ ಠೀವಿಯೂ ಬದಲಾಯಿತು. ಎದೆ ತೆರೆದು ಆಡುತ್ತಿದ್ದವರು ಹೆಗಲು ಮುದುಡಿ ಆಡಿದರು. ಹೊಸ ಹುಡುಗರಿಗೆ ಅವರು ಮೊದಲಿನಿಂದಲೂ ಹಾಗೇ ಆಡುತ್ತಿದ್ದರು ಎನಿಸುತ್ತಿತ್ತು. ಹಳಬರು ಮಾತ್ರ, "ಹೆಂಡ್ತಿ ಮಾತ ಕೇಳಿ ಕೈ ಕೆಡಿಸಿಕೊಂಡ್ರು," ಎಂದು ಆಡಿಕೊಳ್ಳುತ್ತಿದ್ದರು. ಆ ಮಾತು ಬಾವಿಯ ಕಟ್ಟೆಗೂ ಹೋಗಿ ಅಕ್ಕನ ಕಿವಿಗೆ ಬಿತ್ತು. ತಿದ್ದಬಲ್ಲವನು ನಾನೊಬ್ಬನೇ. ನಾನು ಸುಮ್ಮನಿದ್ದೆ.

ಎಂಬತ್ತರ ದಶಕ ಶುರುವಾಗಿತ್ತು. ಅಂಗಡಿ ನನ್ನ ಕೈಗೆ ಬಂದಿತ್ತು. ಒಂದು ಸಂತೆಯ ದಿನ ಅಕ್ಕ ಬುಟ್ಟಿ ಹಿಡಿದುಕೊಂಡು ಅಂಗಡಿಗೆ ಬಂದಳು. ಅವಳು ಅಲ್ಲಿಗೆ ಬರುವವಳಲ್ಲ. ಗಿರಾಕಿಗಳು ಹೋಗುವ ತನಕ ಮೆಟ್ಟಿಲ ಹತ್ತಿರ ನಿಂತಿದ್ದು ಆಮೇಲೆ ಒಳಗೆ ಬಂದಳು.

"ತಮ್ಮಾ, ಒಂದ ಮಾತ ಕೇಳ್ತೇನಿ, ನಗಬ್ಯಾಡ."

"ಹೇಳಕ್ಕಾ."

"ಆ ಮೊದಲಿನ ತಂತಿ ಮತ್ತ ಹಾಕಾಕ ಬರತೈತೇನು?"

"ಯಾವುದು, ಕುರೀದಾ?"

"ಹೆಸರ ತಗೀಬ್ಯಾಡ. ಅದ." ದನಿ ತಗ್ಗಿಸಿದಳು. "ದನದ ಕೊಟಿಗ್ಯಾಗ ಗೂಟ ಬಡಿಸೇನಿ. ಅಲ್ಲೆ ಇರಲಿ. ನಾ ಮುಟ್ಟೂದಿಲ್ಲ, ಅವರು ಕೈ ತೊಳಕೊಂಡ ಒಳಗ ಬರಲಿ, ಆತು. ದೇವರಿಗೇನು ತಿಳಿಯೂದಿಲ್ಲೇನು?"

"ಈಗ್ಯಾಕ ಅದೆಲ್ಲ?"

"ನಾ ನೋಡೇನೋ. ನಸುಕಿನ್ಯಾಗ ಮನಿ ಅಂಗಳದಾಗ ನಿಂತು ಬರಿಗೈಲೆ ಬೀಸತಾರ. ಮೊದಲಿನಂಗ ಬೀಸಾಕ ಹೋಗ್ತಾರ, ನಡುವ ನಿಂದರಸ್ತಾರ. ನನ್ನ ಸಲುವಾಗಿ ಆತಲ್ಲ ಇದೆಲ್ಲ. ಅವರ ಆಟ ಅವರಿಗೆ ಕೊಟ್ಟಬಿಡಪಾ."

ಕರುಳಿನ ತಂತಿಯ ಎರಡು ಸುರುಳಿ ಎಣ್ಣೆ ಕಾಗದದಲ್ಲಿ ಸುತ್ತಿ ಮೇಜಿನ ಖಾನೆಯಲ್ಲೇ ಇದ್ದವು. ಆ ಖಾನೆ ನನ್ನ ಮೊಣಕಾಲಿಗೆ ತಾಗಿಕೊಂಡಿತ್ತು. ಆಗ ಹಿಂದಿನ ಜಾಗ ನನ್ನದು. ನಾಲ್ಕೂ ಊರಿನಲ್ಲಿ ಜನ ನನ್ನ ಹೊಡೆತದ ಮಾತಾಡುತ್ತಿದ್ದರು.

"ಅದು ಈಗ ಬರೂದಿಲ್ಲಕ್ಕಾ," ಎಂದೆ. "ಮಾಡೂದ ಬಂದ್ ಮಾಡ್ಯಾರ."

"ಹೌದಾ," ಎಂದಳು. "ನಂದ ತಪ್ಪು. ಕೇಳೂದು ತಡಾ ಮಾಡಿದೆ." ಬುಟ್ಟಿಯಿಂದ ಎರಡು ಶೇಂಗಾ ಉಂಡಿ ತೆಗೆದು ಮೇಜಿನ ಮೇಲಿಟ್ಟು, "ಮುಂಜಾನೆ ಬರೇ ಚಾ ಕುಡದ ಬಂದೀ," ಎಂದು ಹೋದಳು.

ಆಮೇಲೆ ಕೆಲವು ವರ್ಷಗಳಿಗೆ ಸವಣೂರಿನಲ್ಲಿ ಹಳೆಯ ಆಟಗಾರರನ್ನೆಲ್ಲ ಕರೆದು ಒಂದು ಆಟ ಆಡಿಸಿದರು. ಅಲ್ಲಿನ ಹಿರಿಯ ಆಟಗಾರರೊಬ್ಬರು ಕರುಳಿನ ತಂತಿಯ ತಮ್ಮ ಹಳೆಯ ಬ್ಯಾಟನ್ನು ಜೋಪಾನ ಮಾಡಿಕೊಂಡಿದ್ದರು. ಅದನ್ನು ಮಾಮಾನ ಕೈಗೆ ಕೊಟ್ಟು, "ಒಂದ ಕಟ್ ತೋರಸ್ರಿ ಸಾವ್ಕಾರ್ರ. ನಮ್ಮ ಹುಡುಗರು ನಂಬವಲ್ರು," ಎಂದರು.

ಮಾಮಾ ಬ್ಯಾಟನ್ನು ಕೈಯಲ್ಲಿ ತೂಗಿ ನೋಡಿದರು, ತಂತಿಯ ಮೇಲೆ ಉಗುರು ಎಳೆದರು, ಮಗುವಿನ ಹಾಗೆ ನಕ್ಕರು. ಚೆಂಡು ಬಂತು. ತೋಳು ಹೊರಟು ಕಿವಿಯ ಹತ್ತಿರ ನಿಂತಿತು. ಚೆಂಡು ಬಲೆಯ ಬುಡಕ್ಕೆ ಬಿತ್ತು. ಮತ್ತೆ ಹಾಕಿಸಿಕೊಂಡರು, ಮತ್ತೆ ಅಲ್ಲೇ ಬಿತ್ತು. ಈಗ ತಂತಿ ಸರಿಯಾಗಿತ್ತು, ತೋಳು ಮರೆತಿತ್ತು.

"ಕೈ ಬ್ಯಾರೆ ಊರಿಗೆ ವರ್ಗಾ ಆಗೇತ್ರಿ," ಎಂದು ಬ್ಯಾಟು ಹಿಂದಿರುಗಿಸಿದರು. ಅವರ ಜೊತೆ ಎಲ್ಲರೂ ನಕ್ಕರು. ಅಂದು ನನಗೆ ನಗಲು ಆಗಲಿಲ್ಲ. ಊರಿಗೆ ಬಂದು ಖಾನೆ ಎಳೆದು ಆ ಸುರುಳಿಗಳನ್ನು ತೆಗೆದೆ. ತೇವಕ್ಕೆ ಹುಳ ಹಿಡಿದು ಪುಡಿಪುಡಿಯಾಗಿದ್ದವು. ಕೊಡಬೇಕೆಂದರೂ ಇನ್ನು ಕೊಡುವುದೇನೂ ಉಳಿದಿರಲಿಲ್ಲ.

ನನ್ನ ತೋಳಿನದೂ ಹೆಚ್ಚು ದಿನ ನಡೆಯಲಿಲ್ಲ. ಬ್ಯಾಟುಗಳು ಇನ್ನೂ ಹಗುರಾದವು, ತಂತಿ ಇನ್ನೂ ಬಿಗಿಯಾಯಿತು, ನಾನು ಚಾಟಿಯ ಹಾಗೆ ಮಣಿಕಟ್ಟು ಝಾಡಿಸುತ್ತ ಹೋದೆ. ಆ ಪೆಟ್ಟೆಲ್ಲ ಮೊಣಕೈಯಲ್ಲಿ ಬಂದು ಕೂತಿತು. ಹುಡುಗರು ಶಟಲ್ ಕಡೆಗೆ ಹೋದರು. ಅಂಗಳದ ಕಂಬ ಯಾರೋ ಕಿತ್ತೊಯ್ದರು.

ಮದುವೆಯಾಗಿ ನಾನು ಬೇರೆ ಮನೆ ಮಾಡಿದ್ದೆ. ಅಕ್ಕ ಜ್ವರದಲ್ಲಿ ಮಲಗಿದಾಗ ದಿನಾ ಹೋಗಿ ಪಕ್ಕದಲ್ಲಿ ಕೂಡುತ್ತಿದ್ದೆ. ಹೇಳಬೇಕೆಂದೇ ಹೋಗುತ್ತಿದ್ದೆ. ಅವಳು ನನ್ನ ಮೊಣಕೈಗೆ ಎಳ್ಳೆಣ್ಣೆ ತಿಕ್ಕಿಕೊಂಡೆಯೋ ಇಲ್ಲವೋ ಎಂದು ಕೇಳುತ್ತಿದ್ದಳು. ತಿಕ್ಕಿಕೊಂಡೆ ಎನ್ನುವಷ್ಟರಲ್ಲಿ ಯಾರಾದರೂ ಬರುತ್ತಿದ್ದರು. ಹಾಗೇ ಒಂದು ದಿನ ಅವಳು ಹೋದಳು.

ಅವಳು ಹೋದ ಮೇಲೆ ಮಾಮಾನ ಮುಂದೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ರೇಶಿಮಿಯ ಗುಟ್ಟು ಒಡೆದದ್ದನ್ನು, ತಂತಿ ಬಿಗಿದದ್ದನ್ನು. ಮಾಮಾ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು.

"ನೀನ ಅಂತ ಅವತ್ತ ಗೊತ್ತಾತಪಾ," ಎಂದರು. "ಊರಾಗ ಬ್ಯಾರೆ ಯಾರಿಗೆ ಬರತಿತ್ತು ಹಂಗ ಬಿಗಿಯೂದು? ಆಕಿ ನಿನ್ನ ಹೆಸರ ಹೇಳಲಿಲ್ಲ, ನಾ ಕೇಳಲಿಲ್ಲ. ಹುಡುಗರು ಹಿಂದಿನ ಜಾಗಾಕ್ಕ ಆಸೆ ಪಡಬೇಕು. ನಾನೂ ಪಟ್ಟಾವನ." ಎಲೆ ಮಡಿಚಿ ನನಗೇ ಕೊಟ್ಟರು.

ಆಮೇಲೆ ಸಂತೆಯ ದಿನದ ಮಾತು ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ.

"ಆಕಿ ಬಂದಿದ್ಲಾ?" ಎಂದರು. "ಕೊಟಿಗ್ಯಾಗ ಗೂಟ ಬಡಿಸೇನಿ ಅಂದ್ಲಾ?"

"ಹೂನ್ರಿ ಮಾಮಾ."

ಮಾಮಾ ಎದ್ದು ಕೊಟ್ಟಿಗೆಗೆ ನಡೆದರು. ನಾನು ಹಿಂದೆ ಹೋದೆ. ಬಾಗಿಲ ಪಕ್ಕದ ಗೋಡೆಯಲ್ಲಿ, ಮನುಷ್ಯನ ಕೈಗೆ ನಿಲುಕುವ ಎತ್ತರಕ್ಕೆ, ಒಂದು ಸಾಗುವಾನಿ ಗೂಟ ಇತ್ತು.

"ಆಕಿ ಇದಕ್ಕ ಹಗ್ಗ ಹಾಕಗೊಡತಿದ್ದಿಲ್ಲ, ಬಾರಕೋಲ ಹಾಕಗೊಡತಿದ್ದಿಲ್ಲ," ಎಂದರು ಮಾಮಾ. "ಯಾಕ ಅಂತ ಕೇಳಿದ್ರ, ಖಾಲಿ ಇರಲಿ ಬಿಡ್ರಿ ಅಂತಿದ್ಲು. ಆ ತಂತಿ ಸಿಗತೈತಿ ಅಂತ ಕಾಯ್ಕೊಂತ ಇದ್ಲು ಕಾಣತೈತಿ."

ನಾನು ಅವರ ಕೈ ಹಿಡಿಯಲು ಹೋದೆ. ಅವರು ಬಿಡಿಸಿಕೊಳ್ಳಲಿಲ್ಲ. "ನನ್ನ ಕಡೆ ತಪ್ಪಾತು ಅಂತ ಕೇಳೂದು ಮುಗೀತು ನಿಂದು," ಎಂದರು. "ಉಳದದ್ದು ನನ್ನ ಕಡೆ ಇಲ್ಲ."

ಮಾಮಾನೂ ಈಗಿಲ್ಲ. ಗೂಟ ಇನ್ನೂ ಇದೆ. ಈಗ ನಾನಿರುವುದು ಬೇರೆ ಊರಿನಲ್ಲಿ; ಹಾನಗಲ್ಲಿಗೆ ಹೋದಾಗಲೆಲ್ಲ ನೋಡಿ ಬರುತ್ತೇನೆ. ಇಷ್ಟು ಬರೆದರೂ ಇಲ್ಲಿ ಯಾರ ಹೆಸರನ್ನೂ ಹಾಕಿಲ್ಲ. ತಪ್ಪಾಯಿತು ಎಂದು ನಾನು ಯಾರ ಮುಂದೆ ಹೇಳದೆ ಉಳಿದೆನೋ ಅವಳನ್ನು ಹೆಸರು ಹಿಡಿದು ಎಂದೂ ಕರೆದವನಲ್ಲ. ಹುಟ್ಟಿ ಮಾತು ಬಂದಾಗಿನಿಂದ ಅವಳನ್ನು ಕರೆದದ್ದು ಒಂದೇ ಹೆಸರಿನಿಂದ: ಅಕ್ಕ.